ಒಂದು ರಾಜ್ಯ ಹುಟ್ಟೋದು ಹೇಗೆ ಗೊತ್ತಾ?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಯ್ತು. ಗೇಟು ನೀರಿನಲ್ಲಿ ಕೊಚ್ಚಿಕೊಂಡು ಹೋಯ್ತು. ಮರುದಿನ ಬೆಳಗ್ಗೆಯಿಂದ ನಮ್ಮದೂ ಸೇರಿದಂತೆ ಎಲ್ಲ ಚಾನೆಲ್‌ಗಳಲ್ಲಿ ಅದೇ ದೃಶ್ಯ. ತುಂಬಿ ನಿಂತ ಜಲಾಶಯ, ಒಂದೇ ಗೇಟಿನಿಂದ ನುಗ್ಗುತ್ತಿರುವ ನೀರು, ಕಂಗಾಲಾದ ರೈತರು. ಆಡಳಿತ ಪಕ್ಷದವರು, ವಿರೋಧ ಪಕ್ಷದವರು ಎಂದಿನಂತೆ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಈ ಗದ್ದಲದ ಮಧ್ಯೆ ವೀಕ್ಷಕರೊಬ್ಬರು ನಮಗೆ ಕಳುಹಿಸಿದ ಪ್ರಶ್ನೆ ತುಂಬಾ ಸರಳವಾಗಿತ್ತು. ಡ್ಯಾಮ್ ಇರೋದು ಕರ್ನಾಟಕದ ನೆಲದಲ್ಲಿ. ಹಾಗಿದ್ರೆ ಅದರ ಗೇಟು ನೋಡಿಕೊಳ್ಳೋಕೆ ಕರ್ನಾಟಕ ಸರ್ಕಾರಕ್ಕೆ ಪೂರ್ತಿ ಅಧಿಕಾರ ಯಾಕಿಲ್ಲ?

ಅಣೆಕಟ್ಟನ್ನು ನಿರ್ವಹಿಸೋದು ತುಂಗಭದ್ರಾ ಮಂಡಳಿ. ಅದರ ಅಧ್ಯಕ್ಷರನ್ನು ನೇಮಿಸೋದು ಕೇಂದ್ರ ಸರ್ಕಾರ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರೂ ಅದರಲ್ಲಿ ಸದಸ್ಯರು. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಈ ಮಂಡಳಿಯ ಬೇರು ಯಾವ ಕಾನೂನಿನಲ್ಲಿದೆ ಅಂತ ಹುಡುಕಿದ್ರೆ ನಿಮಗೆ ಸಿಗೋದು 'ಆಂಧ್ರ ರಾಜ್ಯ ಕಾಯ್ದೆ, 1953'. ಅದರ 66ನೇ ಕಲಂ. ಗಮನಿಸಿ, ನಾನು ಹೇಳ್ತಿರೋದು ಆಂಧ್ರಪ್ರದೇಶ ಅಲ್ಲ, ಆಂಧ್ರ ರಾಜ್ಯ. ಮೂರು ವರ್ಷ ಒಂದು ತಿಂಗಳು ಮಾತ್ರ ಬದುಕಿದ್ದ ರಾಜ್ಯ ಅದು. ಆ ರಾಜ್ಯ ಹೋಗಿ ಏಳು ದಶಕ ಕಳೆದಿದೆ. ಅದನ್ನು ಹುಟ್ಟಿಸಿದ ಕಾನೂನಿನ ಒಂದು ಕಲಂ ಮಾತ್ರ ಇವತ್ತಿಗೂ ಹೊಸಪೇಟೆಯಲ್ಲಿ ನಮ್ಮ ನೀರನ್ನು ಹಿಡಿದುಕೊಂಡು ನಿಂತಿದೆ.

ಪ್ರತ್ಯೇಕ ರಾಜ್ಯದ ಕೂಗು ಎದ್ದಾಗಲೆಲ್ಲ ನಾವು ಟಿವಿಯವರು ನಾಲ್ಕು ಜನರನ್ನು ಕೂರಿಸಿ ಜಗಳ ಹಚ್ಚುತ್ತೇವೆ. ಬೇಕು ಅನ್ನೋರು ಇಬ್ಬರು, ಬೇಡ ಅನ್ನೋರು ಇಬ್ಬರು. ಆದ್ರೆ ರಾಜ್ಯ ಅನ್ನೋದು ಕಾನೂನಿನಲ್ಲಿ ಹೇಗೆ ಹುಟ್ಟುತ್ತೆ, ಹುಟ್ಟಿದ ಮೊದಲ ದಿನ ಅದು ಹೇಗೆ ನಡೆಯುತ್ತೆ ಅನ್ನೋದನ್ನು ಯಾರೂ ಕೇಳೋದಿಲ್ಲ. ಸ್ವತಂತ್ರ ಭಾರತದಲ್ಲಿ ಭಾಷೆಯ ಆಧಾರದ ಮೇಲೆ ಹುಟ್ಟಿದ ಮೊದಲ ರಾಜ್ಯದ ಕಥೆಯನ್ನು ಒಮ್ಮೆ ಬಿಡಿಸಿ ನೋಡೋಣ. ಆ ಕಥೆಯಲ್ಲಿ ನಮ್ಮ ಬಳ್ಳಾರಿಯೂ ಇದೆ.

ಬೇಡಿಕೆ ಹಳೆಯದು. 1913ರಲ್ಲಿ ಬಾಪಟ್ಲದಲ್ಲಿ ಮೊದಲ ಆಂಧ್ರ ಮಹಾಸಭೆ ಸೇರಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ತಮಿಳರದ್ದೇ ಕಾರುಬಾರು, ತೆಲುಗರಿಗೆ ಬೇರೆ ಪ್ರಾಂತ್ಯ ಬೇಕು ಅನ್ನೋ ಮಾತು ಅಲ್ಲಿಂದಲೇ ಶುರು. ಆದ್ರೆ ತೆಲುಗರ ಒಳಗೇ ಒಂದು ಅನುಮಾನವಿತ್ತು. ಕೃಷ್ಣಾ, ಗೋದಾವರಿ ದಡದ ಕರಾವಳಿ ಜಿಲ್ಲೆಗಳು ನೀರಾವರಿ ಕಂಡ ಜಿಲ್ಲೆಗಳು. ಕಡಪ, ಕರ್ನೂಲು, ಅನಂತಪುರದಂಥ ರಾಯಲಸೀಮೆಯ ಜಿಲ್ಲೆಗಳು ಬರ ಕಂಡ ಜಿಲ್ಲೆಗಳು. ತಮಿಳರ ಯಜಮಾನಿಕೆ ಹೋಗಿ ಕರಾವಳಿಯವರ ಯಜಮಾನಿಕೆ ಬಂದರೆ ನಮಗೇನು ಲಾಭ ಅಂತ ಸೀಮೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ ಬಿಡಿ. ಅದಕ್ಕೆ ಉತ್ತರವಾಗಿ 1937ರ ನವೆಂಬರ್ 16ರಂದು ಮದ್ರಾಸಿನಲ್ಲಿ, ಕಾಶೀನಾಥುನಿ ನಾಗೇಶ್ವರ ರಾವ್ ಅವರ 'ಶ್ರೀಬಾಗ್' ಮನೆಯಲ್ಲಿ ಒಂದು ಒಪ್ಪಂದವಾಯಿತು. ನೀರಾವರಿಯಲ್ಲಿ ಸೀಮೆಗೆ ಆದ್ಯತೆ. ರಾಜಧಾನಿ ಮತ್ತು ಹೈಕೋರ್ಟ್ ಎರಡರಲ್ಲಿ ಸೀಮೆಯವರು ತಮಗೆ ಬೇಕಾದ ಒಂದನ್ನು ಆರಿಸಿಕೊಳ್ಳಬಹುದು. ಇನ್ನೂ ಹುಟ್ಟದ ಮನೆಗೆ ಅಣ್ಣತಮ್ಮಂದಿರು ಮೊದಲೇ ಪಾಲುಪಟ್ಟಿ ಬರೆದುಕೊಂಡಿದ್ದರು!

ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯ ಧ್ವನಿ ಬದಲಾಯಿತು. ದೇಶ ಆಗಷ್ಟೇ ಎರಡು ಹೋಳಾಗಿತ್ತು. 1948ರಲ್ಲಿ ನೇಮಕವಾದ ಧರ್ ಆಯೋಗ ಭಾಷಾವಾರು ಪ್ರಾಂತ್ಯ ಬೇಡ ಎಂದಿತು. ಆಮೇಲೆ ನೆಹರು, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರ ಜೆವಿಪಿ ಸಮಿತಿ ಕೂತಿತು. ಅದು 1949ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ ಭಾಷಾವಾರು ರಾಜ್ಯಗಳನ್ನು ಮುಂದಕ್ಕೆ ಹಾಕಿ ಅಂದರೂ, ಆಂಧ್ರಕ್ಕೆ ಮಾತ್ರ ಕಿಟಕಿ ತೆರೆದಿಟ್ಟಿತು. ಷರತ್ತು ಒಂದೇ: ಮದ್ರಾಸ್ ನಗರದ ಆಸೆ ಬಿಡಿ. 'ಮದ್ರಾಸ್ ಮನದೇ', ಅಂದ್ರೆ ಮದ್ರಾಸ್ ನಮ್ಮದೇ ಎಂದು ಘೋಷಣೆ ಕೂಗುತ್ತಿದ್ದವರಿಗೆ ಅದು ಒಪ್ಪಿಗೆಯಾಗಲಿಲ್ಲ. ಮಾತುಕತೆ ಅಲ್ಲಿಗೇ ನಿಂತಿತು.

1952ರ ಅಕ್ಟೋಬರ್ 19. ಪೊಟ್ಟಿ ಶ್ರೀರಾಮುಲು ಮದ್ರಾಸಿನ ಮೈಲಾಪುರದಲ್ಲಿ ಬುಲುಸು ಸಾಂಬಮೂರ್ತಿ ಅವರ ಮನೆಯಲ್ಲಿ ಉಪವಾಸಕ್ಕೆ ಕೂತರು. ಗಾಂಧೀಜಿಯ ಜೊತೆಗಿದ್ದ ಮನುಷ್ಯ, ಉಪವಾಸ ಅವರಿಗೆ ಹೊಸದಲ್ಲ. ದೆಹಲಿಯಲ್ಲಿ ನೆಹರು, ಮದ್ರಾಸಿನಲ್ಲಿ ಮುಖ್ಯಮಂತ್ರಿ ರಾಜಾಜಿ. ಇಬ್ಬರೂ ಮಣಿಯಲಿಲ್ಲ. ಡಿಸೆಂಬರ್ 15ರ ರಾತ್ರಿ ಶ್ರೀರಾಮುಲು ಪ್ರಾಣಬಿಟ್ಟರು. ತೆಲುಗು ಜಿಲ್ಲೆಗಳು ಹೊತ್ತಿಕೊಂಡವು. ರೈಲು ನಿಂತವು, ಸರ್ಕಾರಿ ಆಸ್ತಿಗೆ ಬೆಂಕಿ ಬಿತ್ತು, ಪೊಲೀಸರ ಗುಂಡಿಗೆ ಜನ ಸತ್ತರು. ನಾಲ್ಕೇ ದಿನ. ಡಿಸೆಂಬರ್ 19ರಂದು ನೆಹರು ಲೋಕಸಭೆಯಲ್ಲಿ ಎದ್ದು ನಿಂತು ಆಂಧ್ರ ರಾಜ್ಯ ಮಾಡ್ತೇವೆ ಎಂದು ಘೋಷಿಸಿದರು. ವಿವಾದವಿಲ್ಲದ ತೆಲುಗು ಪ್ರದೇಶ ಮಾತ್ರ, ಮದ್ರಾಸ್ ನಗರ ಇಲ್ಲ.

ಸಾಮಾನ್ಯವಾಗಿ ನಮ್ಮ ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತೆ. ಉಪವಾಸ, ಬಲಿದಾನ, ರಾಜ್ಯ. ಅಸಲಿ ಕೆಲಸ ಶುರುವಾಗೋದೇ ಇಲ್ಲಿಂದ. ನಾನು ಇಂಜಿನಿಯರಿಂಗ್ ಓದಿದವನು. ನಡೆಯುತ್ತಿರುವ ಯಂತ್ರವನ್ನು ನಿಲ್ಲಿಸದೆ ಅದರ ಅರ್ಧ ಭಾಗ ಬಿಚ್ಚಿ ಇನ್ನೊಂದು ಯಂತ್ರ ಮಾಡಿ ಅಂದ್ರೆ ಹೇಗಿರುತ್ತೆ ಯೋಚಿಸಿ. ಸಂಬಳ ನಿಲ್ಲಬಾರದು, ಪೊಲೀಸ್ ಠಾಣೆ ಮುಚ್ಚಬಾರದು, ಕೋರ್ಟಿನಲ್ಲಿ ನಡೀತಿರೋ ಕೇಸು ಬೀಳಬಾರದು, ಕಾಲುವೆಯಲ್ಲಿ ನೀರು ಹರೀತಲೇ ಇರಬೇಕು. ಇದೆಲ್ಲದರ ನಕ್ಷೆಯೇ ಆಂಧ್ರ ರಾಜ್ಯ ಕಾಯ್ದೆ.

ನಕ್ಷೆಗೆ ಮೊದಲು ಸರ್ವೆ ಆಗಬೇಕಲ್ವಾ? ಅದನ್ನು ಮಾಡಿದವರು ರಾಜಸ್ಥಾನ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ. ಹಣಕಾಸು, ನೌಕರರು, ರಾಜಧಾನಿ, ಹೈಕೋರ್ಟ್ ಎಲ್ಲವನ್ನೂ ನೋಡಿ 1953ರ ಫೆಬ್ರವರಿಯಲ್ಲೇ ವರದಿ ಕೊಟ್ಟರು. ಹೊಸ ರಾಜ್ಯಕ್ಕೆ ಕಟ್ಟಡಗಳಿಲ್ಲ, ಹಾಗಾಗಿ ಕೆಲವು ವರ್ಷ ಮದ್ರಾಸಿನಲ್ಲೇ ತಾತ್ಕಾಲಿಕ ರಾಜಧಾನಿ ಇರಲಿ ಎಂದರು. ರಾಜಾಜಿ ಖಡಾಖಂಡಿತವಾಗಿ ಆಗಲ್ಲ ಅಂದರು. ಮಾರ್ಚ್ 25ರಂದು ನೆಹರು ಸಂಸತ್ತಿನಲ್ಲಿ, ಆಂಧ್ರದ ರಾಜಧಾನಿ ಆಂಧ್ರದ ನೆಲದಲ್ಲೇ ಇರುತ್ತೆ ಅಂತ ಹೇಳಿಬಿಟ್ಟರು. 2014ರಲ್ಲಿ ಹೈದರಾಬಾದನ್ನು ಹತ್ತು ವರ್ಷ ಎರಡೂ ರಾಜ್ಯಗಳ ಜಂಟಿ ರಾಜಧಾನಿ ಮಾಡಿದ್ದು ನಿಮಗೆ ನೆನಪಿರಬಹುದು. ಆ ವಾದ ಹೊಸದೇನಲ್ಲ, 1953ರಲ್ಲೇ ಒಂದು ಸುತ್ತು ನಡೆದು ಮುಗಿದಿತ್ತು.

ಈಗ ಸಂವಿಧಾನಕ್ಕೆ ಬರೋಣ. 3ನೇ ವಿಧಿಯ ಪ್ರಕಾರ ಹೊಸ ರಾಜ್ಯ ಮಾಡುವ ಅಧಿಕಾರ ಸಂಸತ್ತಿನದ್ದು. ರಾಷ್ಟ್ರಪತಿಯ ಶಿಫಾರಸು ಇಲ್ಲದೆ ಮಸೂದೆ ಮಂಡಿಸುವಂತಿಲ್ಲ. ಗಡಿ ಬದಲಾಗುವ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಅಭಿಪ್ರಾಯ ಕೇಳಬೇಕು ಅಷ್ಟೇ, ಒಪ್ಪಿಗೆ ಬೇಕಿಲ್ಲ! ಸಭೆ ಬೇಡ ಅಂದರೂ ಸಂಸತ್ತು ಮುಂದುವರಿಯಬಹುದು. ಮೊದಲು ಇದಕ್ಕೆ ಗಡುವು ಇರಲಿಲ್ಲ. ರಾಜ್ಯ ಸರ್ಕಾರ ಸುಮ್ಮನೆ ಕೂತುಬಿಟ್ಟರೆ ಏನು ಮಾಡೋದು ಅಂತ 1955ರಲ್ಲಿ ಐದನೇ ತಿದ್ದುಪಡಿ ತಂದು, ರಾಷ್ಟ್ರಪತಿ ಗಡುವು ಹಾಕಬಹುದು ಎಂದು ಸೇರಿಸಿದರು. ಇನ್ನು 4ನೇ ವಿಧಿ. ಇಂಥ ಕಾನೂನಿನಿಂದ ಸಂವಿಧಾನದ ಮೊದಲ ಮತ್ತು ನಾಲ್ಕನೇ ಅನುಸೂಚಿ ಬದಲಾದರೂ ಅದನ್ನು ಸಂವಿಧಾನ ತಿದ್ದುಪಡಿ ಎಂದು ಎಣಿಸುವಂತಿಲ್ಲ. ಅಂದ್ರೆ ಮೂರನೇ ಎರಡರಷ್ಟು ಬಹುಮತ ಬೇಡ, ಸಾಮಾನ್ಯ ಬಹುಮತ ಸಾಕು. ಒಂದು ರಾಜ್ಯವನ್ನು ಸೀಳೋದು ಇಷ್ಟು ಸುಲಭವಾ ಅಂತ ನಿಮಗೆ ಅನ್ನಿಸಬಹುದು. ಕಾಗದದ ಮೇಲೆ ಹೌದು.

ಗೃಹ ಸಚಿವ ಕೈಲಾಸನಾಥ ಕಾಟ್ಜು ಮಸೂದೆಯ ಹೊಣೆ ಹೊತ್ತಿದ್ದರು. 1953ರ ಸೆಪ್ಟೆಂಬರ್ 2ರಂದು ಅದು ರಾಜ್ಯಸಭೆಯಲ್ಲಿ ಚರ್ಚೆಯಾದಾಗ ಒಂದು ಪ್ರಸಂಗ ನಡೆಯಿತು. ಅಂಬೇಡ್ಕರ್ ಅವರು ಸಂವಿಧಾನವನ್ನು ಸುಡುವವರಲ್ಲಿ ನಾನೇ ಮೊದಲಿಗನಾಗುತ್ತೇನೆ ಎಂಬರ್ಥದ ಮಾತು ಆಡಿದರು ಎಂದು ಇವತ್ತು ವಾಟ್ಸಾಪ್‌ನಲ್ಲಿ ಓಡಾಡುತ್ತಲ್ಲ, ಅದು ಬಂದಿದ್ದು ಇದೇ ಆಂಧ್ರ ಮಸೂದೆಯ ಚರ್ಚೆಯಲ್ಲಿ. ಸಂದರ್ಭ ಏನು ಅನ್ನೋದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಅವರ ಚಿಂತೆ ಇದ್ದಿದ್ದು ಭಾಷಾ ರಾಜ್ಯದ ಒಳಗೆ ಸಿಕ್ಕಿಕೊಳ್ಳುವ ಸಣ್ಣ ಸಮುದಾಯಗಳ ಬಗ್ಗೆ. ಬಹುಸಂಖ್ಯಾತರು, ಬಲಾಢ್ಯ ಜಾತಿಗಳು ಅಧಿಕಾರ ಹಿಡಿದಾಗ ಉಳಿದವರಿಗೆ ರಕ್ಷಣೆ ಯಾರು? ರಾಜ್ಯಪಾಲರಿಗೆ ಆ ಬಗ್ಗೆ ವಿಶೇಷ ಹೊಣೆ ಕೊಡಿ ಅನ್ನೋದು ಅವರ ವಾದ. ಸಂವಿಧಾನ ಬರೆದವರು ನೀವೇ ಅಲ್ಲವೇ ಎಂದು ಸದಸ್ಯರು ಕೆಣಕಿದಾಗ ಬಂದ ಸಿಟ್ಟಿನ ಮಾತು ಅದು. ಸಿಟ್ಟು ಎಲ್ಲರಿಗೂ ನೆನಪಿದೆ, ಪ್ರಶ್ನೆ ಮರೆತುಹೋಗಿದೆ.

ಸೆಪ್ಟೆಂಬರ್ 14ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ವರ್ಷದ 30ನೇ ಕಾಯ್ದೆ. ಜಾರಿಯ ದಿನ ಅಕ್ಟೋಬರ್ 1. ಮಧ್ಯೆ ಇದ್ದಿದ್ದು ಎರಡು ವಾರ ಮಾತ್ರ.

ಕಾಯ್ದೆ ಏನು ಹೇಳಿತು? ಮದ್ರಾಸಿನ 11 ತೆಲುಗು ಜಿಲ್ಲೆಗಳು, ಜೊತೆಗೆ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಸೇರಿ ಆಂಧ್ರ ರಾಜ್ಯ. ಬಳ್ಳಾರಿಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ. ಹೊಸ ಚುನಾವಣೆ ನಡೆಸಲಿಲ್ಲ. 1952ರಲ್ಲಿ ಮದ್ರಾಸಿನ 375 ಸದಸ್ಯರ ವಿಧಾನಸಭೆಗೆ ಆ ಪ್ರದೇಶದಿಂದ ಗೆದ್ದಿದ್ದ 140 ಮಂದಿಯೇ ಆಂಧ್ರ ವಿಧಾನಸಭೆಯಾದರು. ವಿಧಾನ ಪರಿಷತ್ತು ಇರಲಿಲ್ಲ. ಹಳೆಯ ಮದ್ರಾಸ್ ಕಾನೂನುಗಳು ಬದಲಾಗುವ ತನಕ ಹಾಗೇ ಮುಂದುವರಿಯುತ್ತವೆ. ನೆಲ ಯಾವ ರಾಜ್ಯದಲ್ಲಿದೆಯೋ ಅದು ಆ ರಾಜ್ಯದ್ದು. ಸಾಲ, ಬಾಕಿ, ಖಜಾನೆಯ ದುಡ್ಡು, ಪಿಂಚಣಿ, ನೌಕರರ ಹಂಚಿಕೆ, ಎಲ್ಲಕ್ಕೂ ಒಂದೊಂದು ಕಲಂ. ಹೈಕೋರ್ಟ್ ಸದ್ಯಕ್ಕೆ ಮದ್ರಾಸಿನದ್ದೇ. ಆಂಧ್ರಕ್ಕೆ ಪ್ರತ್ಯೇಕ ಹೈಕೋರ್ಟ್ ಬಂದಿದ್ದು 1954ರ ಜುಲೈ 5ರಂದು, ಗುಂಟೂರಿನಲ್ಲಿ. ರಾಜಧಾನಿ ಕರ್ನೂಲು ಸೀಮೆಗೆ ಹೋಗಿತ್ತು, ಹೈಕೋರ್ಟ್ ಕರಾವಳಿಗೆ ಬಂತು. ಶ್ರೀಬಾಗ್ ಮನೆಯ ಪಾಲುಪಟ್ಟಿ ಹದಿನೇಳು ವರ್ಷದ ನಂತರ ಜಾರಿಯಾಗಿತ್ತು.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗ್ತೀನಿ. ಆ ಗುಂಟೂರು ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ ಕೋಕಾ ಸುಬ್ಬರಾವ್. ಮುಂದೆ ಅವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ 1967ರ ಗೋಲಕನಾಥ್ ತೀರ್ಪು ಬರೆದರು. ಅವರ ನಂತರ ಆ ಪೀಠಕ್ಕೆ ಬಂದವರು ಯಾರು ಗೊತ್ತಾ? ಆಂಧ್ರದ ಲೆಕ್ಕಾಚಾರ ಬರೆದುಕೊಟ್ಟಿದ್ದ ಅದೇ ವಾಂಛೂ. ಗೋಲಕನಾಥ್ ಪ್ರಕರಣದಲ್ಲಿ ಇಬ್ಬರೂ ಎದುರುಬದುರು ನಿಂತಿದ್ದರು. ಸಂವಿಧಾನದ ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದಬಹುದೇ ಅನ್ನೋ ವಿಷಯದಲ್ಲಿ.

ಈಗ ಬಳ್ಳಾರಿ. ನಮ್ಮ ಮನೆಯ ಕಥೆ. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶ ಇದು. ಅದಕ್ಕೇ ದತ್ತ ಮಂಡಲ ಅನ್ನೋ ಹೆಸರು. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರ್ ಆಗಿದ್ದ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳಿಸುವ ಊರು. ಕಾಂಗ್ರೆಸ್ಸು ತನ್ನ ಸಮಿತಿಗಳನ್ನು ಭಾಷೆಯ ಪ್ರಕಾರ ವಿಂಗಡಿಸಿಕೊಂಡಾಗ ಈ ಜಿಲ್ಲೆ ಕರ್ನಾಟಕ ಕಾಂಗ್ರೆಸ್ಸಿಗೋ ಆಂಧ್ರ ಕಾಂಗ್ರೆಸ್ಸಿಗೋ ಎಂಬ ಜಗಳ ಬಂತು. 1921ರಲ್ಲಿ ಎನ್.ಸಿ. ಕೇಳ್ಕರ್ ಪಂಚಾಯ್ತಿ ಮಾಡಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದಿದ್ದು ಕರ್ನಾಟಕಕ್ಕೆ ಅಂದರು. ಪಕ್ಷದ ಕಚೇರಿಗಳನ್ನು ಹಂಚಿಕೊಳ್ಳಲು ಎಳೆದ ಗೆರೆ ಅದು. 32 ವರ್ಷದ ನಂತರ ಅದೇ ಗೆರೆ ಎರಡು ರಾಜ್ಯಗಳ ಗಡಿಯಾಯ್ತು!

ಹಾಗಂತ ಸಲೀಸಾಗಿ ಆಗಲಿಲ್ಲ. ನೆಹರು ಮಾರ್ಚ್‌ನಲ್ಲಿ ಮೂರು ತಾಲ್ಲೂಕು ಆಂಧ್ರಕ್ಕೆ, ಆರು ಮೈಸೂರಿಗೆ ಎಂದರೂ, ಬಳ್ಳಾರಿ ನಗರವಿದ್ದ ಬಳ್ಳಾರಿ ತಾಲ್ಲೂಕಿನ ತೀರ್ಮಾನ ಮುಂದಕ್ಕೆ ಹಾಕಿದರು. ಅದನ್ನು ನೋಡಲು ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ಕಳಿಸಿದರು. ಅದೇ ಸಮಯಕ್ಕೆ ಇತ್ತ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತಿದ್ದರು, ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ದೊಡ್ಡ ಗಲಭೆಯಾಯ್ತು. ತೆಲುಗರಿಗೆ ಕೊಟ್ಟಿದ್ದು ಕನ್ನಡಿಗರಿಗೆ ಯಾಕಿಲ್ಲ ಅನ್ನೋ ಸಿಟ್ಟು ಅದು. ಮಿಶ್ರಾ ಅವರ ವರದಿ ಮೈಸೂರಿನ ಪರವಾಗಿ ಬಂತು. ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು, ಸಿರುಗುಪ್ಪ ಮೈಸೂರಿಗೆ ಸೇರಿದವು. ಸಂಡೂರಿನವರ ಪಾಡು ನೋಡಿ. 1949ರ ತನಕ ಘೋರ್ಪಡೆ ಮಹಾರಾಜರ ಸಂಸ್ಥಾನ. ಆಮೇಲೆ ಮದ್ರಾಸ್. 1953ಕ್ಕೆ ಮೈಸೂರು. ಮನೆ ಬಿಟ್ಟು ಕದಲದೆ ಐದು ವರ್ಷದೊಳಗೆ ಮೂರು ಆಡಳಿತ ಕಂಡರು.

ಅಕ್ಟೋಬರ್ 1ರ ಸಂಭ್ರಮಕ್ಕೆ ಬಳ್ಳಾರಿಯಲ್ಲಿ ಚಪ್ಪರ ಹಾಕಿದ್ದರು. ಹಿಂದಿನ ರಾತ್ರಿ ಆ ಚಪ್ಪರ ಕಾಯುತ್ತಿದ್ದವರು ಪಿಂಜಾರ ರಂಜಾನ್ ಸಾಬ್. ವಿಲೀನ ಬೇಡದ ಕಿಡಿಗೇಡಿಗಳು ಆಸಿಡ್ ಬಲ್ಬ್ ಎಸೆದರು. ರಂಜಾನ್ ಸಾಬ್ ಅದಕ್ಕೆ ಬಲಿಯಾದರು. ಕರ್ನಾಟಕ ಏಕೀಕರಣದ ಹುತಾತ್ಮ ಅಂತ ಬಳ್ಳಾರಿಯವರು ಇವತ್ತಿಗೂ ಅವರನ್ನು ನೆನೆಯುತ್ತಾರೆ. ಉಳಿದ ಕರ್ನಾಟಕದಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು? ಪೊಟ್ಟಿ ಶ್ರೀರಾಮುಲು ಹೆಸರಿನಲ್ಲಿ ಆಂಧ್ರದಲ್ಲಿ ಒಂದು ಜಿಲ್ಲೆಯೇ ಇದೆ.

ಇನ್ನು 66ನೇ ಕಲಂ. ಅಣೆಕಟ್ಟು ಶುರುವಾಗಿದ್ದು 1945ರಲ್ಲಿ. ಒಂದು ದಡದಲ್ಲಿ ಮದ್ರಾಸ್, ಇನ್ನೊಂದು ದಡದಲ್ಲಿ ನಿಜಾಮನ ಹೈದರಾಬಾದ್. ಕಾಲುವೆಗೆ ನೀರು ಬಿಟ್ಟಿದ್ದು 1953ರ ಜುಲೈ 1ರಂದು. ಅಂದ್ರೆ ಮನೆ ಪಾಲಾಗುವುದಕ್ಕೆ ಮೂರೇ ತಿಂಗಳ ಮುಂಚೆ ಬಾವಿಯಲ್ಲಿ ನೀರು ಬಂದಿತ್ತು. ಹೊಸಪೇಟೆ ಮೈಸೂರಿಗೆ ಹೋದರೆ ಬಲದಂಡೆಯ ತಲೆ ಮೈಸೂರಿನಲ್ಲಿ, ಆ ನೀರು ನಂಬಿದ ಆದೋನಿ, ಆಲೂರಿನ ಹೊಲ ಆಂಧ್ರದಲ್ಲಿ. ನೆಲ ಯಾರದ್ದೋ ಅಲ್ಲಿರೋದೆಲ್ಲ ಅವರದ್ದೇ ಎಂಬ ಸಾಮಾನ್ಯ ನಿಯಮ ಹಚ್ಚಿದ್ದರೆ ಆಂಧ್ರದ ರೈತನ ಗತಿಯೇನು? ಅದಕ್ಕೇ ಈ ಯೋಜನೆಯನ್ನು ಸಾಮಾನ್ಯ ನಿಯಮದಿಂದ ಹೊರಗಿಟ್ಟು, ಪೂರ್ಣಗೊಳಿಸುವ ಮತ್ತು ನಡೆಸುವ ಬಗ್ಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟರು. ಅದರಿಂದ ಹುಟ್ಟಿದ್ದೇ ತುಂಗಭದ್ರಾ ಮಂಡಳಿ.

ಇದು ಸರಿಯಾಗಿತ್ತಾ? ನನ್ನ ಅಭಿಪ್ರಾಯದಲ್ಲಿ ಆ ಹೊತ್ತಿಗೆ ಸರಿಯಾಗಿತ್ತು. ಯಾಕೆ ಅಂದ್ರೆ ನೀರಿಗೆ ಮಧ್ಯಸ್ಥರು ಇಲ್ಲದಿದ್ದರೆ ಜಗಳ ನೆಲಕ್ಕೇ ಬರ್ತಿತ್ತು. ಬಂದೂ ಬಂತು. 1955ರಲ್ಲಿ ಫಜಲ್ ಅಲಿ ಆಯೋಗ ತನ್ನ ವರದಿಯಲ್ಲಿ ತುಂಗಭದ್ರಾ ಯೋಜನೆಯ ಕಾರಣ ಕೊಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ವಾಪಸ್ ಆಂಧ್ರಕ್ಕೆ ಕೊಡಿ ಅಂದಿತ್ತು! ಕನ್ನಡಿಗರು ಸಿಡಿದೆದ್ದರು. ಕೇಂದ್ರ ಆ ಶಿಫಾರಸನ್ನು ಕೈಬಿಟ್ಟಿತು. ನೀರು ಹಂಚೋಕೆ ಮಂಡಳಿ ಇದೆಯಲ್ಲ, ನೆಲ ಯಾಕೆ ಕೊಡಬೇಕು ಅನ್ನೋ ವಾದಕ್ಕೆ ಬಲ ಇದ್ದಿದ್ದು ಇದೇ 66ನೇ ಕಲಮಿನಿಂದ. ಮಂಡಳಿಯನ್ನು ಬೈಯುವ ಮೊದಲು ಇದನ್ನೂ ನೆನಪಿಟ್ಟುಕೊಳ್ಳಬೇಕು. ಆದ್ರೆ 1953ರ ಏರ್ಪಾಡು ಎಂಬ ನೆಪದಲ್ಲಿ 33 ಗೇಟುಗಳ ಹೊಣೆಯನ್ನು ಮೂರು ರಾಜ್ಯಗಳು ಒಬ್ಬರ ಮೇಲೊಬ್ಬರು ತಳ್ಳಿಕೊಂಡು ಕೂರೋದಕ್ಕೆ ಯಾವ ಕಲಮೂ ಅನುಮತಿ ಕೊಟ್ಟಿಲ್ಲ.

ಆಂಧ್ರ ರಾಜ್ಯ ಹೇಗೆ ನಡೆಯಿತು? ಕರ್ನೂಲಿನಲ್ಲಿ ನೆಹರು ಉದ್ಘಾಟಿಸಿದರು. ಪಂಜಾಬಿನ ಅನುಭವ ಇದ್ದ ಚಂದೂಲಾಲ್ ತ್ರಿವೇದಿ ರಾಜ್ಯಪಾಲ. ಕಾಂಗ್ರೆಸ್ ಬಿಟ್ಟು ಹೋಗಿದ್ದ 81 ವರ್ಷದ ಟಂಗುಟೂರಿ ಪ್ರಕಾಶಂ ಅವರನ್ನೇ ಕಾಂಗ್ರೆಸ್ ಕರೆದು ಮುಖ್ಯಮಂತ್ರಿ ಮಾಡಿತು. ಉಪಮುಖ್ಯಮಂತ್ರಿ ನೀಲಂ ಸಂಜೀವ ರೆಡ್ಡಿ, ಮುಂದೆ ರಾಷ್ಟ್ರಪತಿಯಾದವರು. ಕಟ್ಟಡಗಳಿಲ್ಲ, ಕಚೇರಿಗಳು ಟೆಂಟುಗಳಲ್ಲಿ. ಸರ್ಕಾರಕ್ಕೆ ಗಟ್ಟಿ ಬಹುಮತವೂ ಇರಲಿಲ್ಲ. ಪಾನನಿಷೇಧ ತೆಗೆಯಬೇಕೋ ಬೇಡವೋ ಎಂಬ ವಿಷಯದಲ್ಲಿ 1954ರ ನವೆಂಬರ್‌ನಲ್ಲಿ ಅವಿಶ್ವಾಸ ನಿರ್ಣಯ ಬಂದು ಪ್ರಕಾಶಂ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು. ರಾಷ್ಟ್ರಪತಿ ಆಳ್ವಿಕೆ, 1955ರಲ್ಲಿ ಮಧ್ಯಂತರ ಚುನಾವಣೆ, ಬೆಜವಾಡ ಗೋಪಾಲ ರೆಡ್ಡಿ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ತೆಲಂಗಾಣ ಸೇರಿ ಆಂಧ್ರಪ್ರದೇಶವಾಯ್ತು. ಅದೇ ದಿನ ನಮ್ಮ ವಿಶಾಲ ಮೈಸೂರು. 2014ರಲ್ಲಿ ತೆಲಂಗಾಣ ಮತ್ತೆ ಹೊರಗೆ ಹೋಯ್ತು. ಒಂದೇ ಭಾಷೆಯ ಜನ ಒಟ್ಟಿಗೆ ಬಾಳೋಕೆ ಭಾಷೆಯೊಂದೇ ಸಾಲದು ಅಂತ, ಭಾಷೆಗಾಗಿ ಮೊದಲು ಪ್ರಾಣ ಕೊಟ್ಟ ನಾಡೇ ತೋರಿಸಿಕೊಟ್ಟಿತು. ಆ ವಿಭಜನೆಯ 9 ಮತ್ತು 10ನೇ ಅನುಸೂಚಿಯ ಸಂಸ್ಥೆಗಳ ಪಾಲು ಹತ್ತು ವರ್ಷ ಕಳೆದರೂ ಪೂರ್ತಿ ಇತ್ಯರ್ಥವಾಗಿರಲಿಲ್ಲ.

ಬಳ್ಳಾರಿಯೂ ಸುಮ್ಮನಿರಲಿಲ್ಲ ಬಿಡಿ. ಮೈಸೂರಿಗೆ ಬಂದರೂ ಅಲ್ಲಿ ಮದ್ರಾಸ್ ಕಾನೂನುಗಳೇ ನಡೆಯುತ್ತಿದ್ದವು. ನಮ್ಮ ಹಳೆಯ ಕಾಯ್ದೆಗಳ ಪುಸ್ತಕ ತೆರೆದರೆ ಬಳ್ಳಾರಿ ಜಿಲ್ಲೆ, ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ ಅಂತ ಬೇರೆಯಾಗಿಯೇ ಹೆಸರಿಸಿರುತ್ತಾರೆ. 1800ರ ನಂತರ ಹೈದರಾಬಾದ್ ರಾಜ್ಯದಲ್ಲಿ ಎಂದೂ ಇರದಿದ್ದ ಬಳ್ಳಾರಿಗೆ, 98ನೇ ತಿದ್ದುಪಡಿಯ ಮೂಲಕ 371ಜೆ ವಿಶೇಷ ಸ್ಥಾನಮಾನವೂ ಸಿಕ್ಕಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯ್ತು. ಜಿಲ್ಲೆ ಮಾಡೋಕೆ ರಾಜ್ಯ ಸರ್ಕಾರದ ಅಧಿಸೂಚನೆ ಸಾಕು. ಅದಕ್ಕೇ ಎಷ್ಟು ಬಂದ್, ಎಷ್ಟು ಜಗಳ ಆಯ್ತು ನೋಡಿದ್ದೇವೆ. ಇನ್ನು ರಾಜ್ಯದ ಮಾತು?

ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ ಅಂತ ಹೇಳುವವರನ್ನು ನಾನು ಗೇಲಿ ಮಾಡಲ್ಲ. ಆ ನೋವಿಗೆ ಕಾರಣಗಳಿವೆ, ಅದನ್ನು ಬೆಂಗಳೂರು ಕೇಳಿಸಿಕೊಳ್ಳಲೇಬೇಕು. ಆದ್ರೆ ಪ್ರತ್ಯೇಕ ರಾಜ್ಯದ ಬಾವುಟ ಹಿಡಿದು ನಮ್ಮ ಸ್ಟುಡಿಯೋಗೆ ಬರುವ ನಾಯಕರಿಗೆ ಇನ್ಮೇಲೆ ನಾನು ಕೇಳೋ ಪ್ರಶ್ನೆ ಬೇರೆ. ಸ್ವಾಮಿ, ನಿಮ್ಮ 66ನೇ ಕಲಂ ಎಲ್ಲಿದೆ? ಕೃಷ್ಣೆ, ತುಂಗಭದ್ರೆಯ ನೀರಿಗೆ ಯಾರು ಮಧ್ಯಸ್ಥರು? ಸಾಲದ ಪಾಲು ಎಷ್ಟು? ಹಿಂದುಳಿದ ಜಿಲ್ಲೆಗೆ ನಿಮ್ಮ ರಾಜಧಾನಿ ಏನು ಮಾತು ಕೊಡುತ್ತೆ, ಶ್ರೀಬಾಗ್‌ನಂತೆ ಬರೆದುಕೊಡುತ್ತೀರಾ? ಉತ್ತರ ಇದ್ದರೆ ಚರ್ಚೆ ಮಾಡೋಣ. ಇಲ್ಲದಿದ್ದರೆ ಅದು ರಾಜ್ಯದ ಬೇಡಿಕೆಯಲ್ಲ, ಬರೀ ಮಂತ್ರಿಗಿರಿಯ ಬೇಡಿಕೆ.

ಮತ್ತೆ ಒಂದು ಪ್ರಶ್ನೆ, ಅಂಬೇಡ್ಕರ್ ಕೇಳಿದ್ದು. ಗೆರೆಯ ಆಚೆ ಬೀಳುವವರ ಗತಿ ಏನು? ಆದೋನಿ, ಆಲೂರು, ರಾಯದುರ್ಗದಲ್ಲಿ 1953ರ ಸೆಪ್ಟೆಂಬರ್ 30ರ ರಾತ್ರಿ ಮಲಗಿದ ಕನ್ನಡದ ಮನೆಗಳು ಬೆಳಗ್ಗೆ ಏಳುವಷ್ಟರಲ್ಲಿ ಆಂಧ್ರದಲ್ಲಿದ್ದವು. ಬಳ್ಳಾರಿಯ ತೆಲುಗು ಮನೆಗಳು ಮೈಸೂರಿನಲ್ಲಿದ್ದವು. ಯಾರೂ ಅವರ ಮನೆ ಬಾಗಿಲು ತಟ್ಟಿ ಕೇಳಿರಲಿಲ್ಲ. ನಾವು ನವೆಂಬರ್ 1ರಂದು ಬಾವುಟ ಹಾರಿಸುವಾಗ ರಾಯದುರ್ಗದ ಕಡೆ ಕನ್ನಡ ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರು, ಪುಸ್ತಕ ಈ ವರ್ಷವಾದರೂ ಹೊತ್ತಿಗೆ ಸರಿಯಾಗಿ ಬರುತ್ತಾ ಅಂತ ಲೆಕ್ಕ ಹಾಕ್ತಿರ್ತಾರೆ. ಮುಂದಿನ ಗೆರೆ ಎಳೆಯುವವರು ಮೊದಲು ಆ ಮೇಷ್ಟ್ರನ್ನು ಹೋಗಿ ಮಾತಾಡಿಸಿ ಬರಲಿ.